ಸುಂಕದವನ ಮುಂದೆ ಸುಖದುಃಖ

ಸುಮಾರು ಹತ್ತು ವರ್ಷಗಳ ಹಿಂದಿನ ಮಾತು. ಜನವರಿಯ ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ಆಸ್ಪತ್ರೆಯಿಂದ ದೂರವಾಣಿ ಕರೆ ಬಂದಿತು. ವಾರ್ಡಿನಲ್ಲಿದ್ದ ರೋಗಿಯೊಬ್ಬರ ಸ್ಥಿತಿ ಬಿಗಡಾಯಿಸಿತ್ತು. ಕೂಡಲೇ ಬರಬೇಕೆಂದು ಕರ್ತವ್ಯದಲ್ಲಿದ್ದ ಕಿರಿಯ ವೈದ್ಯೆ ಕೇಳಿಕೊಂಡರು. ಹದಿನೈದು ನಿಮಿಷದಲ್ಲಿ ಆಸ್ಪತ್ರೆಯ ಹಿಂಬದಿಯ ಕಾರ್ ಪಾರ್ಕಿಗೆ ಬಂದು ತಲುಪಿದೆ. ಅಲ್ಲಿ ಕೆಂಪು-ಬಿಳಿ ಪಟ್ಟೆಗಳ ಬ್ಯಾರಿಯರ್ ಎಂದಿನಂತೆ ಅಡ್ಡಲಾಗಿ ಮಲಗಿತ್ತು. ಗುರುತಿನ ಚೀಟಿಯನ್ನು ಯಂತ್ರಕ್ಕೆ ತೋರಿಸಿದೆ, ಕೆಂಪು ದೀಪ ಮಿನುಗಿತು. ಮತ್ತೆ ತೋರಿಸಿದೆ, ಮತ್ತೆ ಕೆಂಪು. ಗುಂಡಿಯನ್ನು ಒತ್ತಿದಾಗ ಯಾವುದೋ ದೂರದ ಊರಿನ ನಿಯಂತ್ರಣ ಕೊಠಡಿಯಿಂದ ನಿದ್ದೆಗಣ್ಣಿನ ದನಿಯೊಂದು ಕೇಳಿಸಿತು. ನನ್ನ ವಾಹನದ ಸಂಖ್ಯೆ ಅವರ ಪಟ್ಟಿಯಲ್ಲಿ ಇರಲಿಲ್ಲ. ಹಿಂದಿನ ವಾರವಷ್ಟೇ ನಾನು ಕಾರು ಬದಲಾಯಿಸಿದ್ದೆ. ಹೊಸ ಸಂಖ್ಯೆಯನ್ನು ನೋಂದಾಯಿಸಲು ಅರ್ಜಿಯನ್ನೂ ಕೊಟ್ಟಿದ್ದೆ. ನಾನು ವೈದ್ಯ, ಒಳಗೆ ರೋಗಿ ಕಾಯುತ್ತಿದ್ದಾರೆ ಎಂದು ವಿವರಿಸಿದೆ. ಆ ದನಿ ಸೌಜನ್ಯದಿಂದಲೇ ಉತ್ತರಿಸಿತು: ಪಟ್ಟಿಯಲ್ಲಿಲ್ಲದ ವಾಹನಕ್ಕೆ ಬ್ಯಾರಿಯರ್ ಎತ್ತುವ ಅಧಿಕಾರ ತನಗಿಲ್ಲ.

ಕಾರನ್ನು ಪಕ್ಕದ ಹುಲ್ಲಿನ ಮೇಲೆ ಬಿಟ್ಟು ಓಡಿದೆ. ಆ ರಾತ್ರಿ ರೋಗಿ ಬದುಕಿಕೊಂಡರು. ಬ್ಯಾರಿಯರಿನ ಮುಂದೆ ಕಳೆದ ನಾಲ್ಕೈದು ನಿಮಿಷಗಳಿಂದ ಅವರಿಗೆ ಹಾನಿಯಾಗಲಿಲ್ಲ ಎಂಬುದು ಕೇವಲ ಅದೃಷ್ಟ. ಎರಡು ವಾರಗಳ ನಂತರ, ನಿಲ್ಲಿಸಬಾರದ ಜಾಗದಲ್ಲಿ ವಾಹನ ನಿಲ್ಲಿಸಿದ್ದಕ್ಕೆ ದಂಡದ ಪತ್ರ ಬಂದಿತು. ನಡೆದದ್ದನ್ನೆಲ್ಲ ಒಂದು ಪುಟದಲ್ಲಿ ಬರೆದು ಕಳುಹಿಸಿದೆ. ಬಂದ ಉತ್ತರದಲ್ಲಿ ನನ್ನ ಪುಟದ ಒಂದು ಮಾತನ್ನೂ ಯಾರೂ ಓದಿದ ಕುರುಹಿರಲಿಲ್ಲ.

ಭಾನುವಾರ ಊರಿಗೆ ಫೋನು ಮಾಡಿದಾಗ ಅಮ್ಮನಿಗೆ ಇದನ್ನು ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಸುಂಕದವನ ಮುಂದೆ ಸುಖದುಃಖ ಹೇಳ್ಕೊಂಡ ಹಾಗಾಯ್ತು ಬಿಡಪ್ಪ" ಎಂದರು.

ಚಿಕ್ಕಂದಿನಿಂದ ನೂರು ಬಾರಿ ಕೇಳಿದ ಗಾದೆ. ಆದರೆ ಅಂದಿನಿಂದ ಅದು ನನ್ನನ್ನು ಬಿಡಲಿಲ್ಲ. ಸುಂಕದವನು ಏಕೆ ಕೇಳಿಸಿಕೊಳ್ಳುವುದಿಲ್ಲ? ಅವನು ಕಲ್ಲೆದೆಯವನೋ, ಅಥವಾ ಕೇಳಿಸಿಕೊಳ್ಳದಂತೆ ಅವನನ್ನು ಕೂರಿಸಿದವರು ಬೇರೆ ಯಾರಾದರೂ ಇದ್ದಾರೋ? ಬಿಡುವು ಸಿಕ್ಕಾಗಲೆಲ್ಲ ಈ ದೇಶದ ರಸ್ತೆ ಬಾಗಿಲುಗಳ ಇತಿಹಾಸವನ್ನು ಓದುತ್ತ ಹೋದೆ. ಅದರ ಸಾರವನ್ನು ನಮ್ಮ ಬಳಗದ ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ನಮ್ಮ ನಾಡಿನ ಸುಂಕ

ಮೊದಲು ಗಾದೆ ಹುಟ್ಟಿದ ನೆಲಕ್ಕೇ ಹೋಗೋಣ. ಕನ್ನಡ ಶಾಸನಗಳನ್ನು ತಿರುವಿದವರಿಗೆ ಸುಂಕವೆಂಬ ಪದ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಪೆರ್ಜುಂಕವೆಂದರೆ ಹಿರಿಯ ಸುಂಕ. ಮುಂದೆ ಅದೇ ಹೆಜ್ಜುಂಕವಾಯಿತು. ಸುಂಕದ ಆಡಳಿತ ನೋಡಿಕೊಳ್ಳಲು ಸುಂಕವೆರ್ಗಡೆಗಳೆಂಬ ಅಧಿಕಾರಿಗಳಿದ್ದರು. ಎತ್ತಿನ ಹೇರು, ಕತ್ತೆಯ ಹೇರು, ತಲೆಹೊರೆ ಎಂದು ಹೊರೆಗೆ ತಕ್ಕ ಲೆಕ್ಕ.

ಇದೇ ಶಾಸನಗಳಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಸುಂಕವನ್ನು ಹೇರಿದಷ್ಟೇ ಎಚ್ಚರದಿಂದ ವಿನಾಯಿತಿಯನ್ನೂ ಕಲ್ಲಿನಲ್ಲಿ ಕೊರೆಸುತ್ತಿದ್ದರು. ಇಂಥ ದೇವಾಲಯಕ್ಕೆ ಹೋಗುವ ಇಷ್ಟು ಎತ್ತಿನ ಹೇರಿಗೆ ಸುಂಕವಿಲ್ಲ, ಈ ಭೂಮಿ ಸರ್ವಬಾಧಾಪರಿಹಾರ ಎಂಬ ಮಾತುಗಳು ಅಲ್ಲಿ ಸಾಮಾನ್ಯ. ಯಾರನ್ನು ತಡೆಯಬೇಕು ಎಂಬುದರ ಜೊತೆಗೆ ಯಾರನ್ನು ತಡೆಯಬಾರದು ಎಂಬುದೂ ರಾಜಧರ್ಮದ ಭಾಗವಾಗಿತ್ತು.

ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಸುಂಕದ ಬಂಕಣ್ಣನೆಂಬ ವಚನಕಾರನಿದ್ದಾನೆ. ಸುಂಕ ವಸೂಲಿಯೇ ಅವನ ಕಾಯಕ, ಬಂಕೇಶ್ವರಲಿಂಗ ಅವನ ಅಂಕಿತ. ತನ್ನ ವೃತ್ತಿಯ ಮಾತುಗಳಲ್ಲೇ ಅವನು ಆಧ್ಯಾತ್ಮವನ್ನು ಹೇಳಿದ. ಗಾದೆಯ ಸುಂಕದವನಿಗೆ ಕಿವಿ ಇರಲಿಲ್ಲವೇನೋ. ಆದರೆ ಅದೇ ಕಟ್ಟೆಯ ಮೇಲೆ ಕುಳಿತು ಒಳಗಣ್ಣು ತೆರೆದವನೂ ಒಬ್ಬನಿದ್ದ ಎಂಬುದನ್ನು ನಾವು ಮರೆಯಬಾರದು.

ಹಾಗಾದರೆ ಗಾದೆ ಏಕೆ ಹುಟ್ಟಿತು? ಅದಕ್ಕೊಂದು ಕಾರಣ ಗುತ್ತಿಗೆ ಎಂದು ನನ್ನ ಊಹೆ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸರು, ನಗರದ್ವಾರದ ಸುಂಕವನ್ನು ವರ್ಷಕ್ಕಿಷ್ಟೆಂದು ಗುತ್ತಿಗೆಗೆ ಕೊಡುತ್ತಿದ್ದುದನ್ನು ದಾಖಲಿಸಿದ್ದಾರೆ. ಗುತ್ತಿಗೆ ಹಿಡಿದವನು ಮೊದಲೇ ಹಣ ಒಪ್ಪಿಕೊಂಡಿರುತ್ತಾನೆ. ಬಾಗಿಲಲ್ಲಿ ಬಿಟ್ಟ ಒಂದೊಂದು ಹೇರೂ ಅವನ ಕೈಯಿಂದ ಹೋದ ಹಣ. ಅಂಥವನ ಮುಂದೆ ಮಳೆ ಬರಲಿಲ್ಲ, ಮಗು ಮಲಗಿದೆ ಎಂದು ಹೇಳಿಕೊಂಡರೆ ಅವನು ಏನು ಮಾಡಿಯಾನು? ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆಯಂಥ ಹೆಸರುಗಳು ಆ ಲೋಕದ ನೆನಪನ್ನು ಇಂದಿಗೂ ಉಳಿಸಿಕೊಂಡಿವೆ.

ಇಂಗ್ಲೆಂಡಿನ ಟರ್ನ್‌ಪೈಕ್

ಈಗ ನಾವು ನೆಲೆಸಿರುವ ನಾಡಿಗೆ ಬರೋಣ. ಹದಿನೇಳನೆಯ ಶತಮಾನದವರೆಗೆ ಇಂಗ್ಲೆಂಡಿನಲ್ಲಿ ರಸ್ತೆ ದುರಸ್ತಿ ಆಯಾ ಪ್ಯಾರಿಷಿನ ಹೊಣೆಯಾಗಿತ್ತು. ಊರಿನವರು ವರ್ಷಕ್ಕೆ ಕೆಲವು ದಿನ ಕೂಲಿಯಿಲ್ಲದೆ ದುಡಿದು ರಸ್ತೆ ಸರಿಪಡಿಸಬೇಕಿತ್ತು. ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯಂಥ ಕಡೆ ಊರಿಗೆ ಸಂಬಂಧವೇ ಇಲ್ಲದ ಭಾರೀ ಬಂಡಿಗಳು ನೆಲವನ್ನು ಕೆಸರುಗುಂಡಿ ಮಾಡಿ ಹೋಗುತ್ತಿದ್ದವು, ಬೆವರು ಸುರಿಸುತ್ತಿದ್ದವರು ಊರಿನವರು. ರಸ್ತೆ ಸವೆಸುವವನೇ ಹಣ ಕೊಡಲಿ ಎಂಬ ನ್ಯಾಯವಾದ ವಿಚಾರದಿಂದ 1663ರಲ್ಲಿ ಪಾರ್ಲಿಮೆಂಟು ಮೊದಲ ಕಾಯಿದೆ ಮಾಡಿ, ವೇಡ್ಸ್‌ಮಿಲ್, ಕ್ಯಾಕ್ಸ್‌ಟನ್ ಮತ್ತು ಸ್ಟಿಲ್ಟನ್ ಎಂಬ ಮೂರು ಕಡೆ ಸುಂಕದ ಬಾಗಿಲು ಹಾಕಲು ಅನುಮತಿ ಕೊಟ್ಟಿತು.

ಇಂಥ ಬಾಗಿಲಿಗೆ ಟರ್ನ್‌ಪೈಕ್ ಎಂದು ಹೆಸರಾಯಿತು. ಪೈಕ್ ಎಂದರೆ ಭರ್ಜಿ. ಮೊದಲು ಸೈನಿಕರು ದಾರಿಗೆ ಅಡ್ಡಲಾಗಿ ನಿಲ್ಲಿಸುತ್ತಿದ್ದ, ಮೊನೆಗಳುಳ್ಳ ತಿರುಗುವ ತಡೆಗೆ ಆ ಹೆಸರಿತ್ತು. ಯುದ್ಧದ ಸಾಧನದ ಹೆಸರೇ ಸುಂಕದ ಬಾಗಿಲಿಗೂ ಬಂದದ್ದು ಮುಂದೆ ನಡೆಯಲಿದ್ದುದಕ್ಕೆ ಮುನ್ಸೂಚನೆಯಂತಿತ್ತು.

ಹದಿನೆಂಟನೆಯ ಶತಮಾನದಲ್ಲಿ ಈ ಬಾಗಿಲುಗಳನ್ನು ನಡೆಸಲು ಟ್ರಸ್ಟುಗಳು ಹುಟ್ಟಿಕೊಂಡವು. ಜಮೀನುದಾರರು ಮತ್ತು ವ್ಯಾಪಾರಿಗಳು ಸೇರಿ ಸಾಲವೆತ್ತಿ ರಸ್ತೆ ಮಾಡಿಸುವುದು, ಸುಂಕದಿಂದ ಸಾಲ ತೀರಿಸುವುದು ಇದರ ಕ್ರಮ. 1830ರ ದಶಕದ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಟ್ರಸ್ಟುಗಳು ಸುಮಾರು 20,000 ಮೈಲಿ ರಸ್ತೆಯನ್ನು ನೋಡಿಕೊಳ್ಳುತ್ತಿದ್ದವು. ರಸ್ತೆಗಳು ನಿಜಕ್ಕೂ ಸುಧಾರಿಸಿದವು, ಪ್ರಯಾಣದ ಅವಧಿ ಗಣನೀಯವಾಗಿ ತಗ್ಗಿತು. ಈ ವ್ಯವಸ್ಥೆಯನ್ನು ಬರಿಯ ಸುಲಿಗೆ ಎನ್ನುವುದು ಅನ್ಯಾಯವಾದೀತು.

ಇಲ್ಲಿಯೂ ವಿನಾಯಿತಿಗಳ ದೊಡ್ಡ ಪಟ್ಟಿಯೇ ಇತ್ತು. ರಾಜಮನೆತನದವರು, ದಂಡಯಾತ್ರೆಯಲ್ಲಿರುವ ಸೈನಿಕರು, ಭಾನುವಾರ ಚರ್ಚಿಗೆ ಹೋಗುವವರು, ಶವಯಾತ್ರೆಯವರು, ಹೊಲಕ್ಕೆ ಗೊಬ್ಬರ ಒಯ್ಯುವ ಬಂಡಿಗಳು ಸಾಮಾನ್ಯವಾಗಿ ಸುಂಕ ಕೊಡಬೇಕಿರಲಿಲ್ಲ. 1784ರ ಆಗಸ್ಟಿನಲ್ಲಿ ಬ್ರಿಸ್ಟಲ್ ಮತ್ತು ಲಂಡನ್ ನಡುವೆ ಅಂಚೆಯ ಕುದುರೆಗಾಡಿ ಆರಂಭವಾಯಿತು. ಮರುವರ್ಷವೇ ಅದಕ್ಕೂ ಸುಂಕದಿಂದ ವಿನಾಯಿತಿ ದೊರೆಯಿತು. ಅಂಚೆಗಾಡಿ ಹತ್ತಿರ ಬರುತ್ತಿದ್ದಂತೆ ಕಾವಲುಗಾರ ದೂರದಿಂದಲೇ ಕೊಂಬು ಊದುತ್ತಿದ್ದ. ನಡುರಾತ್ರಿಯಾದರೂ ಬಾಗಿಲಿನವನು ಎದ್ದು ಬಂದು ಗಾಡಿ ನಿಲ್ಲದಂತೆ ಬಾಗಿಲನ್ನು ತೆರೆದಿಡಬೇಕಿತ್ತು. ತಡಮಾಡಿದರೆ ಅವನಿಗೇ ದಂಡ ಬೀಳುತ್ತಿತ್ತು.

ಈ ಸಂಗತಿಯನ್ನು ಓದಿದಾಗ ನನ್ನ ಜನವರಿ ರಾತ್ರಿ ನೆನಪಾಯಿತು. ಎರಡು ನೂರು ವರ್ಷಗಳ ಹಿಂದೆ ಕೊಂಬಿನ ದನಿಗೆ ಏಳುತ್ತಿದ್ದ ಬಾಗಿಲು, ನನ್ನ ಕಾಲದಲ್ಲಿ ನನ್ನ ಮಾತಿಗೂ ಏಳಲಿಲ್ಲ.

ರೆಬೆಕ್ಕಾ ಮತ್ತು ಅವಳ ಹೆಣ್ಣುಮಕ್ಕಳು

ಟರ್ನ್‌ಪೈಕಿಗೆ ವಿರೋಧ ಮೊದಲಿನಿಂದಲೂ ಇತ್ತು. 1727ರಲ್ಲಿ, ಮತ್ತೆ 1749ರಲ್ಲಿ, ಬ್ರಿಸ್ಟಲ್ ಸುತ್ತಮುತ್ತ ಗಣಿಗಾರರೂ ಹಳ್ಳಿಗರೂ ಬಾಗಿಲುಗಳನ್ನು ಕಿತ್ತೆಸೆದಿದ್ದರು. ಆದರೆ ಈ ಕಥೆಯ ತಿರುಳಿರುವುದು ನೈಋತ್ಯ ವೇಲ್ಸಿನಲ್ಲಿ.

1830ರ ದಶಕದ ಕೊನೆಯಲ್ಲಿ ಕಾರ್ಮಾರ್ಥನ್, ಪೆಂಬ್ರೋಕ್ ಮತ್ತು ಕಾರ್ಡಿಗನ್ ಸೀಮೆಗಳ ರೈತರು ಬಡವರಾಗಿದ್ದರು. ಬೆಳೆ ಕೈಕೊಟ್ಟಿತ್ತು. ಗೇಣಿ ಏರಿತ್ತು, ಚರ್ಚಿಗೆ ತೆರಬೇಕಾದ ದಶಾಂಶ ತೆರಿಗೆ ಹೊರೆಯಾಗಿತ್ತು, 1834ರ ಬಡವರ ಕಾಯಿದೆ ನಿರ್ಗತಿಕರನ್ನು ದುಡಿಮೆಮನೆಗಳಿಗೆ ದೂಡುತ್ತಿತ್ತು. ಅಲ್ಲಿನ ಮಣ್ಣು ಹುಳಿ. ಸುಣ್ಣ ಹಾಕದೆ ಬೆಳೆ ಬಾರದು. ರೈತರು ಸುಣ್ಣದ ಗೂಡುಗಳವರೆಗೆ ಬಂಡಿ ಹೊಡೆದುಕೊಂಡು ಹೋಗಿ ಸುಣ್ಣ ತರಬೇಕಿತ್ತು. ದಾರಿಯಲ್ಲಿ ಬೇರೆ ಬೇರೆ ಟ್ರಸ್ಟುಗಳ ಬಾಗಿಲುಗಳು ಒಂದರ ಹಿಂದೆ ಒಂದರಂತೆ ಇದ್ದವು. ಸುಣ್ಣದ ಬೆಲೆಗಿಂತ ಸುಂಕವೇ ಹೆಚ್ಚಾಗುತ್ತಿದ್ದ ಸಂದರ್ಭಗಳೂ ಇದ್ದವು.

ಟ್ರಸ್ಟುಗಳು ಸುಂಕ ವಸೂಲಿಯನ್ನು ಹರಾಜು ಹಾಕಿ ಗುತ್ತಿಗೆದಾರರಿಗೆ ಒಪ್ಪಿಸುತ್ತಿದ್ದವು. ಆ ಸೀಮೆಯ ಹಲವು ಬಾಗಿಲುಗಳನ್ನು ಹಿಡಿದಿದ್ದ ಥಾಮಸ್ ಬುಲಿನ್ ಎಂಬ ಗುತ್ತಿಗೆದಾರ ವಸೂಲಿಯ ಬಿಗಿಗೆ ಹೆಸರಾಗಿದ್ದ. ಮುಖ್ಯರಸ್ತೆಯ ಬಾಗಿಲು ತಪ್ಪಿಸಿ ಅಡ್ಡದಾರಿಯಲ್ಲಿ ಹೋಗುವವರನ್ನೂ ಹಿಡಿಯಲು ಪಕ್ಕದ ರಸ್ತೆಗಳಿಗೂ ಬಾಗಿಲು ಬಂದವು. ರೈತರು ದೂರಿದರು. ಆದರೆ ಟ್ರಸ್ಟಿನಲ್ಲಿ ಕುಳಿತವರೂ, ನ್ಯಾಯ ಹೇಳುವ ಮ್ಯಾಜಿಸ್ಟ್ರೇಟರೂ, ಗೇಣಿ ಪಡೆಯುವ ಜಮೀನುದಾರರೂ ಬಹುಮಟ್ಟಿಗೆ ಒಂದೇ ವರ್ಗದವರು, ಅದರಲ್ಲೂ ಇಂಗ್ಲಿಷ್ ಮಾತನಾಡುವವರು. ರೈತನ ನುಡಿ ವೆಲ್ಷ್. ಅವನ ಸುಖದುಃಖ ಆ ಕಿವಿಗಳಿಗೆ ಭಾಷೆಯ ಮಟ್ಟದಲ್ಲೇ ತಲುಪುತ್ತಿರಲಿಲ್ಲ.

1839ರ ಮೇ 13ರ ರಾತ್ರಿ ಎಫೈಲ್‌ವೆನ್ ಎಂಬ ಹಳ್ಳಿಯಲ್ಲಿ ಹೊಸದಾಗಿ ಹಾಕಿದ್ದ ಬಾಗಿಲನ್ನು ಜನ ಪುಡಿಮಾಡಿದರು. ಮತ್ತೆ ಕಟ್ಟಿದಾಗ ಜೂನ್ 6ರಂದು ಮತ್ತೆ ಒಡೆದರು. ಗಂಡಸರು ಹೆಂಗಸರ ಉಡುಪು ತೊಟ್ಟು, ಮುಖಕ್ಕೆ ಮಸಿ ಬಳಿದುಕೊಂಡು ಬಂದಿದ್ದರು. ಮುಂದಾಳುವಿಗೆ ರೆಬೆಕ್ಕಾ ಎಂದು ಹೆಸರು. ಉಳಿದವರು ಅವಳ ಹೆಣ್ಣುಮಕ್ಕಳು. ಬೈಬಲ್ಲಿನ ರೆಬೆಕ್ಕಾಳಿಗೆ, ನಿನ್ನ ಸಂತತಿಯು ಹಗೆಗಳ ಬಾಗಿಲುಗಳನ್ನು ವಶಪಡಿಸಿಕೊಳ್ಳಲಿ ಎಂಬರ್ಥದ ಹರಕೆ ದೊರೆಯುತ್ತದೆ. ಹೆಸರಿನ ಮೂಲ ಅದೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ.

ಬಾಗಿಲು ಒಡೆಯುವ ಮುನ್ನ ಅವರು ಒಂದು ಪುಟ್ಟ ನಾಟಕ ಆಡುತ್ತಿದ್ದರು. ರೆಬೆಕ್ಕಾ ಕಣ್ಣು ಕಾಣದ ಮುದುಕಿಯಂತೆ ಕೋಲೂರಿ ಬಂದು, ದಾರಿಗೆ ಏನೋ ಅಡ್ಡವಾಗಿದೆ, ನಾನು ಮುಂದೆ ಹೋಗಲಾರೆ ಎಂದು ಮಕ್ಕಳಿಗೆ ಹೇಳುವಳು. ಏನದು ತಾಯಿ, ನಿನ್ನ ದಾರಿಗೆ ಯಾವುದೂ ಅಡ್ಡವಿರಕೂಡದು ಎಂದು ಅವರು ಕೇಳುವರು. ಅವಳು ತಡವಿ ನೋಡಿ, ದೊಡ್ಡದೊಂದು ಬಾಗಿಲು ಹಾಕಿದ್ದಾರೆ ಎನ್ನುವಳು. ಆಮೇಲೆ ಕೊಡಲಿಗಳು ಮೇಲೇಳುತ್ತಿದ್ದವು. ನಮ್ಮ ಬಯಲಾಟದ ಸೊಗಸು ಬಲ್ಲವರಿಗೆ ಈ ದೃಶ್ಯದ ಅರ್ಥ ಥಟ್ಟನೆ ಹೊಳೆಯುತ್ತದೆ. ಬಾಗಿಲಿನ ಮುಂದೆ ನಿಜವಾಗಿ ಹೇಳಿಕೊಂಡ ಕಷ್ಟವನ್ನು ಯಾರೂ ಕೇಳಲಿಲ್ಲ. ಆದ್ದರಿಂದ ಅದೇ ಕಷ್ಟವನ್ನು ಅದೇ ಬಾಗಿಲಿನ ಮುಂದೆ ಅವರು ನಾಟಕವಾಗಿ ಆಡಿದರು. ಈ ಬಾರಿ ಕೇಳುವವರು ಅವರ ಜೊತೆಯಲ್ಲೇ ಇದ್ದರು.

ಕೆಲಕಾಲ ತಣ್ಣಗಾಗಿದ್ದ ಗಲಭೆ 1842ರ ಚಳಿಗಾಲದಲ್ಲಿ ಮತ್ತೆ ಹೊತ್ತಿಕೊಂಡಿತು. 1843ರ ಜೂನ್ 19ರಂದು ಜನ ಕಾರ್ಮಾರ್ಥನ್ನಿನ ದುಡಿಮೆಮನೆಗೆ ನುಗ್ಗಿದರು. ಸೈನ್ಯ ಬಂದಿತು. ಸೆಪ್ಟೆಂಬರಿನಲ್ಲಿ ಪಾಂಟಾರ್ಡುಲೈಸ್ ಬಾಗಿಲಿನ ಬಳಿ ಸಿಕ್ಕಿಬಿದ್ದ ಜಾನ್ ಹ್ಯೂಸ್ ಎಂಬ ಯುವ ರೈತನಿಗೆ 20 ವರ್ಷಗಳ ಗಡಿಪಾರು ವಿಧಿಸಿ, ಇಂದಿನ ಟಾಸ್ಮೇನಿಯಾಕ್ಕೆ ಕಳುಹಿಸಿದರು.

ಅದೇ ತಿಂಗಳು ಹೆಂಡಿ ಎಂಬಲ್ಲಿ ನಡೆದ ಘಟನೆಯನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. ಅಲ್ಲಿನ ಬಾಗಿಲು ಕಾಯುತ್ತಿದ್ದವಳು ಸಾರಾ ವಿಲಿಯಮ್ಸ್ ಎಂಬ ಎಪ್ಪತ್ತು ದಾಟಿದ ವೃದ್ಧೆ. ಗುಂಪು ಸುಂಕದ ಮನೆಗೆ ಬೆಂಕಿಯಿಟ್ಟಿತು. ತನ್ನ ನಾಲ್ಕು ಸಾಮಾನುಗಳನ್ನು ಉಳಿಸಿಕೊಳ್ಳಲು ಅವಳು ಮರಳಿ ಹೋದಾಗ ಗುಂಡೇಟು ಬಿದ್ದು ಸತ್ತಳು. ಪರೀಕ್ಷಿಸಿದ ವೈದ್ಯರು ಅವಳ ಮೈಯಲ್ಲಿ ಗುಂಡಿನ ಚೂರುಗಳನ್ನು ಕಂಡು ಸಾಕ್ಷ್ಯ ನುಡಿದರು. ಆದರೂ ವಿಚಾರಣೆಯ ಪಂಚರು ಎದೆಯೊಳಗೆ ರಕ್ತ ತುಂಬಿ ಸಾವು ಸಂಭವಿಸಿದೆ, ಅದಕ್ಕೆ ಕಾರಣವೇನೆಂದು ತಮಗೆ ತಿಳಿಯದು ಎಂಬ ತೀರ್ಪು ಕೊಟ್ಟರು. ಮರಣ ಪ್ರಮಾಣಪತ್ರಗಳನ್ನು ಬರೆಯುವ ವೃತ್ತಿಯವನಾದ ನನಗೆ, ಭಯದಿಂದ ಬರೆದ ಆ ಮಾತು ಇಂದಿಗೂ ಚುಚ್ಚುತ್ತದೆ. ಕೇಳದ ಕಿವಿಗಳ ವಿರುದ್ಧ ಎದ್ದವರು ಕೊನೆಗೆ ಕೊಂದದ್ದು ಗುತ್ತಿಗೆದಾರನನ್ನಲ್ಲ, ಟ್ರಸ್ಟಿನ ಯಜಮಾನನನ್ನೂ ಅಲ್ಲ. ಬಾಗಿಲಲ್ಲಿ ಕೂಲಿಗೆ ಕೂತಿದ್ದ ಬಡ ಮುದುಕಿಯನ್ನು. ಅವಳ ಸುಖದುಃಖವನ್ನೂ ಯಾರೂ ಕೇಳಲಿಲ್ಲ.

ಸರ್ಕಾರ ಅದೇ ವರ್ಷ ಆಯೋಗವೊಂದನ್ನು ನೇಮಿಸಿತು. ಆಯೋಗ ಊರೂರಿಗೆ ಹೋಗಿ ರೈತರ ಹೇಳಿಕೆಗಳನ್ನು ಪಡೆಯಿತು. 1844ರಲ್ಲಿ ಹೊಸ ಕಾಯಿದೆ ಬಂದಿತು. ದಕ್ಷಿಣ ವೇಲ್ಸಿನ ಟ್ರಸ್ಟುಗಳನ್ನು ಒಂದುಗೂಡಿಸಿ ಜಿಲ್ಲಾ ರಸ್ತೆ ಮಂಡಳಿಗಳ ಕೈಗೆ ಕೊಟ್ಟರು, ಸುಣ್ಣದ ಬಂಡಿಯ ಸುಂಕವನ್ನು ಅರ್ಧಕ್ಕೆ ಇಳಿಸಿದರು. ಗಮನಿಸಿ: ಸುಂಕ ಪೂರ್ತಿ ಹೋಗಲಿಲ್ಲ. ಆದರೂ ಗಲಭೆ ನಿಂತಿತು. ಜನರಿಗೆ ಬೇಕಾಗಿದ್ದದ್ದು ಪುಕ್ಕಟೆ ರಸ್ತೆಯಲ್ಲ. ನ್ಯಾಯವಾದ ಲೆಕ್ಕ ಮತ್ತು ಕೇಳುವ ಒಂದು ಕಿವಿ.

ಮುಂದೆ ರೈಲು ಬಂದು ಟ್ರಸ್ಟುಗಳ ಆದಾಯವನ್ನು ನುಂಗಿತು. ಒಂದೊಂದಾಗಿ ಮುಚ್ಚಿದ ಟ್ರಸ್ಟುಗಳಲ್ಲಿ ಕೊನೆಯದು ಆಂಗಲ್ಸೀ ದ್ವೀಪದ್ದು. 1895ರಲ್ಲಿ ಅದೂ ಮುಗಿಯಿತು. ಕಾರ್ಡಿಫ್ ಬಳಿಯ ಸೇಂಟ್ ಫಾಗನ್ಸ್ ವಸ್ತುಸಂಗ್ರಹಾಲಯಕ್ಕೆ ಹೋದರೆ ಅಬರಿಸ್ಟ್ವಿತ್ ಸಮೀಪದಿಂದ ತಂದು ಮರುಜೋಡಿಸಿದ 1771ರ ಸುಂಕದ ಮನೆಯನ್ನು ನೋಡಬಹುದು. ಮಕ್ಕಳೊಂದಿಗೆ ಒಂದು ದಿನ ಕಳೆಯಲು ಯೋಗ್ಯವಾದ ಜಾಗ. ಪ್ರವೇಶ ಉಚಿತ, ಕಾರು ನಿಲ್ಲಿಸುವುದಕ್ಕೆ ಮಾತ್ರ ಶುಲ್ಕ!

ಯಂತ್ರ ಬಂದ ಮೇಲೆ

ಇಪ್ಪತ್ತನೆಯ ಶತಮಾನದಲ್ಲಿ ಬಾಗಿಲು ಬೇರೆ ರೂಪದಲ್ಲಿ ಮರಳಿತು. ಈಗಿನ ಪ್ರಶ್ನೆ ರಸ್ತೆ ಸವೆಯುವುದಲ್ಲ, ಜಾಗ ಸಾಲದಿರುವುದು. ಲಂಡನ್ನಿನ ಗ್ರೋವ್‌ನರ್ ಚೌಕದಲ್ಲಿ 1958ರ ಜುಲೈನಲ್ಲಿ ಈ ದೇಶದ ಮೊದಲ ಪಾರ್ಕಿಂಗ್ ಮೀಟರುಗಳು ಬಂದವು. ನಂತರ ಅಂಗಡಿ ಸಂಕೀರ್ಣ, ಕಚೇರಿ, ಕಾರ್ಖಾನೆ ಮತ್ತು ಆಸ್ಪತ್ರೆಗಳ ಬಾಗಿಲಲ್ಲಿ ತಾನಾಗಿ ಏಳುವ ಬ್ಯಾರಿಯರುಗಳು ಸಾಮಾನ್ಯವಾದವು.

ಅದರ ಕೆಲಸ ಸರಳ. ರಸ್ತೆಯ ಡಾಂಬರಿನಲ್ಲಿ ಗೀರು ಕೊರೆದು ತಂತಿಯ ಸುರುಳಿಯನ್ನು ಹುದುಗಿಸಿರುತ್ತಾರೆ. ಅದರಲ್ಲಿ ಪರ್ಯಾಯ ವಿದ್ಯುತ್ ಹರಿಯುತ್ತಿರುತ್ತದೆ. ಕಾರಿನ ಲೋಹದ ಮೈ ಮೇಲೆ ಬಂದೊಡನೆ ಸುರುಳಿಯ ಕಾಂತಗುಣ ಬದಲಾಗಿ, ವಾಹನ ಬಂದಿದೆ ಎಂದು ಯಂತ್ರಕ್ಕೆ ತಿಳಿಯುತ್ತದೆ. ಚೀಟಿ, ಕಾರ್ಡು ಅಥವಾ ವಾಹನದ ಸಂಖ್ಯೆ ಸರಿಯಿದ್ದರೆ ಮೋಟಾರು ತೋಳನ್ನು ಎತ್ತುತ್ತದೆ. ತೋಳು ಹಗುರವಾಗಿ ಏಳಲೆಂದು ಒಳಗೆ ಸ್ಪ್ರಿಂಗಿನ ಸಮತೂಕವಿರುತ್ತದೆ. ತೋಳಿನ ನೇರ ಕೆಳಗೆ ಇನ್ನೊಂದು ಸುರುಳಿ ಇರುತ್ತದೆ. ವಾಹನ ದಾಟುವ ತನಕ ತೋಳು ಅದರ ಮೇಲೆ ಬೀಳದಂತೆ ಅದು ಕಾಯುತ್ತದೆ. ಕರೆಂಟು ಹೋದರೆ ಕೈಯಿಂದ ತಿರುಗಿಸುವ ಹಿಡಿಯಿದೆ. ಹಲವೆಡೆ ಬೆಂಕಿಯ ಎಚ್ಚರಿಕೆ ಗಂಟೆ ಬಾರಿಸಿದೊಡನೆ ತೋಳು ತಾನೇ ಮೇಲೇಳುವಂತೆ ಜೋಡಿಸಿರುತ್ತಾರೆ.

ಯಂತ್ರ ಮಾಡಿದವರು ಕರೆಂಟು, ಬೆಂಕಿ, ಅಪಘಾತ ಎಲ್ಲವನ್ನೂ ಯೋಚಿಸಿದ್ದಾರೆ ಎಂಬುದನ್ನು ಮೆಚ್ಚಲೇಬೇಕು. ಆದರೆ ಸುರುಳಿಗೆ ತಿಳಿಯುವುದು ಲೋಹದ ಇರವು. ಲೋಹದ ಒಳಗೆ ಕುಳಿತವರ ಅವಸರ ಅದಕ್ಕೆ ತಿಳಿಯದು. ಅದಕ್ಕಾಗಿ ಇಟ್ಟಿರುವುದು ಒಂದೇ ಒಂದು ಗುಂಡಿ. ಆ ಗುಂಡಿಯ ಆಚೆ ಯಾರಿದ್ದಾರೆ, ಅವರಿಗೆ ಯಾವ ಅಧಿಕಾರವಿದೆ ಎಂಬುದು ಎಂಜಿನಿಯರಿನ ಕೈಯಲ್ಲಿಲ್ಲ. ಅದು ಗುತ್ತಿಗೆಯ ಕರಾರಿನಲ್ಲಿ ತೀರ್ಮಾನವಾಗುತ್ತದೆ.

ಬ್ಯಾರಿಯರೇ ಬೇಡವೆಂದು ನಾನು ಹೇಳುತ್ತಿಲ್ಲ. ರೈಲು ನಿಲ್ದಾಣದ ಬಳಿಯ ಆಸ್ಪತ್ರೆಗೆ ತಡೆಯಿಲ್ಲದಿದ್ದರೆ ಬೆಳಿಗ್ಗೆ ಎಂಟಕ್ಕೇ ಪ್ರಯಾಣಿಕರ ಕಾರುಗಳು ತುಂಬಿ, ಡಯಾಲಿಸಿಸ್‌ಗೆ ಬರುವ ರೋಗಿಗೆ ಜಾಗವಿರುವುದಿಲ್ಲ. 1663ರ ವಾದದಂತೆ ಇದೂ ನ್ಯಾಯವಾದದ್ದೇ.

ಈಚೆಗೆ ತೋಳೂ ಮಾಯವಾಗುತ್ತಿದೆ. ವಾಹನದ ಸಂಖ್ಯೆಯನ್ನು ಓದುವ ಕ್ಯಾಮೆರಾ 1976ರಲ್ಲಿ ಇದೇ ದೇಶದ ಪೊಲೀಸ್ ಸಂಶೋಧನಾ ವಿಭಾಗದಲ್ಲಿ ಹುಟ್ಟಿತು. 2003ರ ಫೆಬ್ರವರಿಯಲ್ಲಿ ಲಂಡನ್ನಿನ ದಟ್ಟಣೆ ಶುಲ್ಕ ಒಂದೂ ಬಾಗಿಲಿಲ್ಲದೆ ಜಾರಿಯಾಯಿತು. 2014ರ ನವೆಂಬರಿನಲ್ಲಿ ಡಾರ್ಟ್‌ಫರ್ಡ್ ದಾಟುದಾರಿಯ ಸುಂಕದ ಗೂಡುಗಳು ಹೋದವು. ನಮ್ಮೂರಿನಲ್ಲೂ 2021ರಿಂದ ಹೆದ್ದಾರಿ ಟೋಲಿನಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಗಿದೆ. ರಜೆಗೆ ಹೋದಾಗ ಚಿಲ್ಲರೆಗಾಗಿ ನಡೆಯುತ್ತಿದ್ದ ಜಗಳ ಈಗ ಕೇಳಿಸುವುದಿಲ್ಲ.

ಅಂಗಡಿ ಸಂಕೀರ್ಣಗಳಲ್ಲೂ ಇದೇ ಬದಲಾವಣೆ. 2012ರ ಅಕ್ಟೋಬರಿನಿಂದ ಇಂಗ್ಲೆಂಡ್ ಮತ್ತು ವೇಲ್ಸಿನ ಖಾಸಗಿ ಜಾಗಗಳಲ್ಲಿ ಚಕ್ರಕ್ಕೆ ಬೀಗ ಹಾಕುವುದು ನಿಷಿದ್ಧವಾಯಿತು. ಅದರ ಸ್ಥಾನಕ್ಕೆ ಕ್ಯಾಮೆರಾ ಮತ್ತು ಅಂಚೆಯ ಪತ್ರ ಬಂದವು. ಚೆಮ್ಸ್‌ಫರ್ಡಿನ ಸಂಕೀರ್ಣವೊಂದರಲ್ಲಿ ಎರಡು ಗಂಟೆಯ ಉಚಿತ ಅವಧಿ ಮೀರಿ ಸುಮಾರು ಒಂದು ಗಂಟೆ ಹೆಚ್ಚು ನಿಂತ ಕಾರಿಗೆ 85 ಪೌಂಡ್ ವಿಧಿಸಿದ ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಜಾಗವನ್ನು ಸರಿಯಾಗಿ ನಿರ್ವಹಿಸುವ ನ್ಯಾಯವಾದ ಉದ್ದೇಶ ಇರುವುದರಿಂದ ಆ ಶುಲ್ಕ ಊರ್ಜಿತವೆಂದು 2015ರ ನವೆಂಬರಿನಲ್ಲಿ ತೀರ್ಪಾಯಿತು. ಕಣ್ಣಿಗೆ ಕಾಣುವ ಬಾಗಿಲು ನಮ್ಮನ್ನು ಮೊದಲೇ ತಡೆಯುತ್ತದೆ. ಕಾಣದ ಬಾಗಿಲು ಒಳಗೆ ಬಿಟ್ಟುಕೊಂಡು ಎರಡು ವಾರದ ನಂತರ ಕರೆಯುತ್ತದೆ.

ಕಳೆದ ದೀಪಾವಳಿಯ ಸಮಾರಂಭದ ನಂತರ ನಮ್ಮ ಬಳಗದ ಕೆಲವು ಕುಟುಂಬಗಳಿಗೆ ಬಂದದ್ದು ಇಂಥ ಪತ್ರಗಳೇ. ಸಭಾಂಗಣದವರು ಕೊಟ್ಟ ಪುಸ್ತಕದಲ್ಲಿ ವಾಹನದ ಸಂಖ್ಯೆ ಬರೆಯಬೇಕೆಂಬುದು ಹಿರಿಯರಿಗೆ ಗೊತ್ತಿರಲಿಲ್ಲ. ಊರಿನಿಂದ ಬಂದಿದ್ದ ಒಬ್ಬ ತಾತ ತಮ್ಮಿಂದ ಮಗನಿಗೆ ಪೊಲೀಸ್ ಕೇಸಾಯಿತೆಂದು ರಾತ್ರಿಯಿಡೀ ನಿದ್ರೆ ಮಾಡಲಿಲ್ಲವಂತೆ. ಇದು ಪೊಲೀಸ್ ಕೇಸಲ್ಲ. ಖಾಸಗಿ ಸಂಸ್ಥೆಯ ಬೇಡಿಕೆ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ, ಚಾಲಕರು ಯಾರೆಂದು ತಿಳಿಯದಾಗ ವಾಹನದ ನೋಂದಾಯಿತ ಹೊಣೆಗಾರರಿಂದಲೇ ಹಣ ಕೇಳಬೇಕಾದರೆ, ಕ್ಯಾಮೆರಾ ಆಧಾರದ ನೋಟಿಸು 14 ದಿನಗಳೊಳಗೆ ಅವರ ಕೈಸೇರಿರಬೇಕು. ಮೊದಲು ಸಂಸ್ಥೆಗೇ ಮೇಲ್ಮನವಿ ಬರೆಯಬಹುದು. ಅವರು ತಿರಸ್ಕರಿಸಿದರೆ ಅವರ ಪತ್ರದಲ್ಲೇ ತಿಳಿಸಿರುವ ಸ್ವತಂತ್ರ ಮೇಲ್ಮನವಿ ಸೇವೆಗೆ ಹೋಗಬಹುದು. ರಸೀದಿ, ಆಹ್ವಾನ ಪತ್ರಿಕೆ, ಸಭಾಂಗಣದವರ ಒಂದು ಸಾಲಿನ ಪತ್ರ ಇವನ್ನು ಜೊತೆಗಿಡಿ. ಪತ್ರವನ್ನು ಕಡೆಗಣಿಸಬೇಡಿ, ಹೆದರಿ ಆ ಕ್ಷಣವೇ ಹಣ ಕಟ್ಟಲೂ ಬೇಡಿ.

ವೇಲ್ಸಿನ ಕಥೆಗೆ ಎರಡು ಸಾಲು ಸೇರಿಸಿ ಮುಗಿಸುತ್ತೇನೆ. 2008ರಲ್ಲಿ ವೇಲ್ಸ್ ಸರ್ಕಾರ ತನ್ನ ಆಸ್ಪತ್ರೆಗಳ ಪಾರ್ಕಿಂಗ್ ಶುಲ್ಕವನ್ನು ತೆಗೆದುಹಾಕುವ ನಿರ್ಧಾರ ಮಾಡಿತು. ಹಳೆಯ ಗುತ್ತಿಗೆಗಳು ಮುಗಿದಂತೆ 2018ರ ಹೊತ್ತಿಗೆ ಅದು ಪೂರ್ತಿಯಾಯಿತು. ಅದೇ 2018ರ ಡಿಸೆಂಬರ್ 17ರಂದು ಇಂಗ್ಲೆಂಡಿನಿಂದ ವೇಲ್ಸಿಗೆ ಹೋಗುವ ಸೆವರ್ನ್ ಸೇತುವೆಗಳ ಸುಂಕವೂ ರದ್ದಾಯಿತು. ರೆಬೆಕ್ಕಾಳ ನಾಡಿಗೆ ಹೋಗುವ ದಾರಿಯಲ್ಲಿ ಈಗ ಬಾಗಿಲಿಲ್ಲ.

ನನ್ನ ಆಸ್ಪತ್ರೆಯಲ್ಲಿ ಅಂಥ ದೊಡ್ಡ ಬದಲಾವಣೆ ಏನೂ ಆಗಲಿಲ್ಲ. ನಾವು ಕೆಲವು ವೈದ್ಯರೂ ದಾದಿಯರೂ ಸೇರಿ ಒಂದು ಮನವಿ ಕೊಟ್ಟೆವು. ಬಹಳ ತಿಂಗಳುಗಳ ನಂತರ ರಾತ್ರಿಯ ಹೊತ್ತು ಗುಂಡಿ ಒತ್ತಿದರೆ ಕರೆ ಆಸ್ಪತ್ರೆಯೊಳಗಿನ ಪೋರ್ಟರುಗಳ ಕೋಣೆಗೆ ಹೋಗುವಂತೆ, ಅಲ್ಲಿರುವವರು ತಮ್ಮ ವಿವೇಚನೆಯಿಂದ ಬ್ಯಾರಿಯರ್ ಎತ್ತಬಹುದಾದಂತೆ ವ್ಯವಸ್ಥೆಯಾಯಿತು. ನಮ್ಮ ಕೋಟೆಗಳ ಹೆಬ್ಬಾಗಿಲಿನಲ್ಲಿ ಒಬ್ಬರು ಬಗ್ಗಿ ನುಸುಳುವಷ್ಟು ಒಂದು ದಿಡ್ಡಿ ಬಾಗಿಲು ಇರುತ್ತಿತ್ತಲ್ಲವೇ? ಹೆಬ್ಬಾಗಿಲು ಮುಚ್ಚಿದ ಮೇಲೂ, ತಡವಾಗಿ ಬಂದವನ ಮುಖ ನೋಡಿ, ಮಾತು ಕೇಳಿ, ಒಳಗೆ ಬಿಡುವುದಕ್ಕೆ. ಇದೂ ಅಂಥದ್ದೇ.

ಮೊನ್ನೆ ಮತ್ತೊಂದು ರಾತ್ರಿ ಕಾರ್ಡು ಕೈಕೊಟ್ಟಿತು. ಗುಂಡಿ ಒತ್ತಿದೆ. "ಬನ್ನಿ ಡಾಕ್ಟರೇ, ದನಿಯಲ್ಲೇ ಗೊತ್ತಾಯಿತು" ಎಂದು ಇಂಗ್ಲಿಷಿನಲ್ಲಿ ಉತ್ತರ ಬಂದಿತು. ತೋಳು ಮೇಲೆದ್ದಿತು. ಬೆಳಿಗ್ಗೆ ಅಮ್ಮನಿಗೆ ಫೋನು ಮಾಡಿ ಹೇಳಿದೆ. ಗಾದೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವರು ಒಪ್ಪಲಿಲ್ಲ. "ಅವನು ಸುಂಕದವನಲ್ಲ, ಮನುಷ್ಯ" ಎಂದರು.